ಬಾಳೆ ಮೀನಿನ ಮಡು

ದಾವಣಗೆರೆಯ ನಮ್ಮ ಎಂ.ಸಿ.ಸಿ. ಬಡಾವಣೆಯ ನಲ್ಲಿಗೆ ಬರುವುದು ತುಂಗಭದ್ರೆಯ ನೀರು, ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ಎತ್ತಿ ಕಳಿಸಿದ್ದು. ಆ ಹೊಳೆಯ ಬಾಳೆ ಮೀನಿನ ಮೇಲೆ ನನಗೆ ತೀರದ ಮೋಹ. ರಜೆ ಬಂತೆಂದರೆ ಗಾಳದ ಕೋಲನ್ನು ಬೈಕಿಗೆ ಕಟ್ಟಿ ಹರಿಹರದ ದಾರಿ ಹಿಡಿಯುತ್ತೇನೆ.

ಬಾಳೆ ಮೀನು ಹಗಲು ಹೊರಗೆ ಸುಳಿಯುವುದು ಕಡಿಮೆ. ದಂಡೆ ಕೊರೆದು ಪೊಳ್ಳಾದ ಕಡೆ, ಆಳದ ಮಡುವಿನ ತಳದಲ್ಲಿ ಬಿದ್ದುಕೊಂಡಿರುತ್ತದೆ. ಹೊತ್ತು ಮುಳುಗಿದ ಮೇಲೆ ಅದರ ಬೇಟೆ. ನೀರು ಎಲ್ಲಿ ತಿರುಗುತ್ತದೆ, ಚಿಕ್ಕ ಮೀನುಗಳು ಎಲ್ಲಿ ಬೆದರಿ ಚಿಮ್ಮುತ್ತವೆ ಎಂದು ನೋಡಿಕೊಂಡು, ಕೊಕ್ಕೆಗೆ ಸಣ್ಣ ಮೀನು ಚುಚ್ಚಿ ಬಿಡಬೇಕು. ಬೆಂಡು ಒಮ್ಮೆ ಅಲುಗಿ ಸುಮ್ಮನಾಗುತ್ತದೆ. ಆಗ ಎಳೆಯಬಾರದು. ದಾರ ಸರ್ರನೆ ಓಡತೊಡಗಿದ ಮೇಲೆ ಜಗ್ಗಬೇಕು. ಆ ಜಗ್ಗಾಟದ ಸುಖವೇ ಬೇರೆ!

ದಂಡೆಗೆ ಬಂದ ಮೀನನ್ನು ನೋಡುತ್ತಲೇ ಇರೋಣ ಅನಿಸುತ್ತದೆ. ಮೈಮೇಲೆ ಒಂದೂ ಹುರುಪೆಯಿಲ್ಲ. ಬಾಯಿ ಕಣ್ಣನ್ನೂ ದಾಟಿ ಹಿಂದಕ್ಕೆ ಸೀಳಿದೆ, ಒಳಗೆ ಚೂಪು ಹಲ್ಲು. ಎರಡು ಮೀಸೆ ಉದ್ದ, ಎರಡು ಗಿಡ್ಡ. ಹೊಟ್ಟೆಯಡಿಯ ರೆಕ್ಕೆ ಬಾಲದವರೆಗೂ ಹಬ್ಬಿದೆ. ಮುಳ್ಳು ಕಡಿಮೆ, ಹಾಗಾಗಿ ಹುಣಸೆ ಹಿಂಡಿದ ಖಾರದ ಸಾರಿಗೆ ಇದನ್ನು ಮೀರಿಸಿದ ಮೀನಿಲ್ಲ. ಜೊತೆಗೆ ಬಿಸಿ ಜೋಳದ ರೊಟ್ಟಿ ಇರಲಿ.

ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಯಾವ ಮೀನಿಗೆ ಯಾವ ತಿನಿಸು ಹಾಕಿ ಹಿಡಿಯಬೇಕು ಎಂದು ಅವನು ವಿವರಿಸುತ್ತಾನೆ. ಹುರುಪೆ ಇರುವವು, ಬರೀ ಚರ್ಮದವು ಎಂದು ಮೀನುಗಳನ್ನು ಬೇರ್ಪಡಿಸುತ್ತಾನೆ. ನಮ್ಮ ಬಾಳೆ ಎರಡನೆಯ ಗುಂಪಿನದು. ದೊರೆಯೊಬ್ಬ ಗಾಳದ ಆಟವನ್ನು ಇಷ್ಟು ಗೌರವದಿಂದ ಕಂಡನಲ್ಲ ಎಂದು ನನಗೆ ಹೆಮ್ಮೆ.

ಮುಂಗಾರಿನ ಕೆನ್ನೀರು ಬಂದಾಗ ಬಾಳೆ ಮಡು ಬಿಟ್ಟು ಏರುತ್ತದೆ. ಹಳ್ಳಗಳಿಗೆ, ನೆರೆ ನುಗ್ಗಿದ ದಂಡೆಯ ಹುಲ್ಲಿನೊಳಕ್ಕೆ ಹೋಗಿ ಮೊಟ್ಟೆಯಿಡುತ್ತದೆ. ಕೆಳಗೆ ಹೊಸಪೇಟೆಯಲ್ಲಿ 1953ರಿಂದ ಅಣೆಕಟ್ಟು ಅಡ್ಡ ನಿಂತಿದೆ, ಮೇಲೆ ಗಾಜನೂರು, ಲಕ್ಕವಳ್ಳಿ. ನಡುವೆ ಉಳಿದ ಹೊಳೆಯಲ್ಲೂ ಮರಳು ಬಗೆದು ಮಡುಗಳ ರೂಪವೇ ಕೆಡುತ್ತಿದೆ. ಜಗತ್ತಿನಲ್ಲಿ ಅಳಿವಿನ ಭೀತಿಯಿರುವ ಮೀನುಗಳ ಪಟ್ಟಿಗೂ ಬಾಳೆ ಸೇರಿದೆ. ಮಳೆಗಾಲದಲ್ಲಿ ನಾನು ಗಾಳ ಮುಟ್ಟುವುದಿಲ್ಲ. ಆ ತಿಂಗಳುಗಳಲ್ಲಿ ಹೊಳೆದಂಡೆಯಲ್ಲಿ ಕೋಲು ಹಿಡಿದು ಕೂತವರು ಕಂಡರೆ, ‘ಅಣ್ಣಾ, ತತ್ತಿ ಮೀನು ಬಿದ್ರೆ ಬಿಟ್ಟುಬಿಡ್ರಿ’ ಎಂದು ಹೇಳಿಯೇ ಮುಂದೆ ಹೋಗುತ್ತೇನೆ.