ಹರಿಗೋಲಿನ ಆರೈಕೆ

ನದಿಯಂಚಿನ ತೋಟದಲ್ಲಿ ವಿಹಾರಕ್ಕೆಂದು ಹರಿಗೋಲು ಕೊಂಡಿರುವುದಾಗಿ ಹಳೆಯ ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ. ಸಂತೋಷವೇ, ಮಕ್ಕಳೂ ಏರುತ್ತಾರೆಂದು ಓದಿದಾಗ ಇಷ್ಟು ಹೇಳಬೇಕೆನಿಸಿತು.

ಹಿಂದೆ ಬಿದಿರಿನ ಹೆಣಿಗೆಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಬಿಸಿಲಿಗೆ ಡಾಂಬರು ಬಿರುಕು ಬಿಟ್ಟಲ್ಲಿ ನೀರು ಒಸರುತ್ತದೆ. ಬಳಸಿದ ಮೇಲೆ ದಡಕ್ಕೆಳೆದು ನೆರಳಿನಲ್ಲಿ ಕವುಚಿ ಹಾಕಿರಿ. ತಳದ ಬಿದಿರನ್ನು ಬೆರಳಿನಿಂದ ಒತ್ತಿ ನೋಡಿರಿ. ಮೆತ್ತಗಾಗಿದ್ದರೆ ಎಷ್ಟು ಡಾಂಬರು ಬಳಿದರೂ ವ್ಯರ್ಥ.

ಹರಿಗೋಲಿನಲ್ಲಿ ಯಾರೂ ಥಟ್ಟನೆ ಎದ್ದು ನಿಲ್ಲಬಾರದು. 2009ರಲ್ಲಿ ತೇಕ್ಕಡಿಯಲ್ಲಿ ಜನರು ಒಂದೇ ಬದಿಗೆ ಸರಿದಾಗ ದೊಡ್ಡ ದೋಣಿಯೇ ಮಗುಚಿ 45 ಮಂದಿ ತೀರಿಕೊಂಡರು. ಜೀವರಕ್ಷಕ ಅಂಗಿಯನ್ನು ಕೂರುವ ಮೆತ್ತೆಯಾಗಿಸದೆ (ಹಾಗೆ ಮಾಡುವವರೇ ಹೆಚ್ಚು!) ಪಟ್ಟಿ ಬಿಗಿದೇ ಹತ್ತಿರಿ. ಅಣೆಕಟ್ಟಿನಿಂದ ನೀರು ಬಿಟ್ಟ ದಿನ, ಅತಿಥಿಗಳು ಎಷ್ಟೇ ಒತ್ತಾಯಿಸಲಿ, ಹುಟ್ಟು ಅಟ್ಟದ ಮೇಲೆಯೇ ಇರಲಿ.