ಜಗಳವಿಲ್ಲದ ಮನೆ

ಹಾವಿನ ವಿಷಯದಲ್ಲಿ ನನ್ನ ಪಾಂಡಿತ್ಯವೆಲ್ಲ ಒಂದೇ ಅಕ್ಷರದ್ದು. ಹಳಗನ್ನಡದ ‘ಪಾವು’ ಕಾಲಕ್ರಮದಲ್ಲಿ ‘ಹಾವು’ ಆಯಿತು; ಪಕಾರ ಹೋಗಿ ಹಕಾರ ಬಂತು. ಹೀಗೆಂದು ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಪಾಠ ಹೇಳುತ್ತ ಬಂದಿದ್ದೇನೆ. ಆದರೆ ಆ ಪ್ರಾಣಿ ಎದುರಿಗೆ ಬಂದಾಗ ನನ್ನ ಬಾಯಿಂದ ಪಕಾರವೂ ಹೊರಡದು, ಹಕಾರವೂ ಹೊರಡದು. ದೀರ್ಘವಾದ ಒಂದು ‘ಆ’ ಮಾತ್ರ. ಇಂಥ ನಾನು ಕಳೆದ ಬೇಸಿಗೆ ರಜದಲ್ಲಿ ಮೂರು ಹಾವುಗಳಿದ್ದ ಕೋಣೆಯಲ್ಲಿ ಇಪ್ಪತ್ತು ರಾತ್ರಿ ಮಲಗಿ ಎದ್ದು ಬಂದೆನೆಂದರೆ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. ಪೂರ್ತಿ ನಂಬಬೇಕಾದ್ದೂ ಇಲ್ಲ. ಮೊದಲ ಮೂರು ರಾತ್ರಿ ನಾನು ಮಲಗಿದ್ದೆನೇ ಹೊರತು ನಿದ್ರೆ ಮಾಡಲಿಲ್ಲ.

ನನ್ನ ತಂಗಿ ಇರುವುದು ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ. ಅವಳ ಮನೆಯಲ್ಲಿ ಅತಿಥಿಗಳಿಗೆಂದು ಇದ್ದ ಕೋಣೆಯಲ್ಲಿ ಅವಳ ಹನ್ನೆರಡು ವರ್ಷದ ಮಗ ತನ್ನ ಸಂಸಾರ ಹೂಡಿದ್ದ. ಗೋಡೆಯ ಉದ್ದಕ್ಕೂ ಮೂರು ಗಾಜಿನ ಪೆಟ್ಟಿಗೆ. ಒಂದೊಂದಕ್ಕೂ ಬೇರೆ ಬಿಸಿದೀಪ, ಬೇರೆ ನೀರಿನ ಬಟ್ಟಲು, ಅಡಗಿ ಕೂರಲು ಬೇರೆ ಗೂಡು. ಮೊದಲನೆಯದರಲ್ಲಿ ಕಿತ್ತಳೆ ಬಣ್ಣದ ಕಾರ್ನ್ ಸ್ನೇಕ್. ಅದು ಅಮೆರಿಕದ ಆಗ್ನೇಯ ಭಾಗದ ಹಾವು. ಜೋಳದ ಕಣಜಗಳಲ್ಲಿ ಇಲಿಗಾಗಿ ಸುಳಿದಾಡುವುದರಿಂದ ಆ ಹೆಸರು ಬಂತೆನ್ನುತ್ತಾರೆ. ಹೊಟ್ಟೆಯ ಮೇಲಿನ ಚೌಕುಳಿ ಜೋಳದ ತೆನೆಯಂತೆ ಕಾಣುವುದರಿಂದ ಬಂತೆನ್ನುವವರೂ ಉಂಟು. ಶಬ್ದದ ಮೂಲ ಹುಡುಕುವವರ ಜಗಳ ಅಲ್ಲಿಯೂ ತಪ್ಪಿದ್ದಲ್ಲ! ಎರಡನೆಯದರಲ್ಲಿ ಆಫ್ರಿಕ ಮೂಲದ ಬಾಲ್ ಪೈಥಾನ್, ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವ ಗಿಡ್ಡ ಹೆಬ್ಬಾವು. ಮೂರನೆಯದರಲ್ಲಿ ಕಪ್ಪು ಬಿಳಿ ಪಟ್ಟೆಗಳ ಕ್ಯಾಲಿಫೋರ್ನಿಯ ಕಿಂಗ್ ಸ್ನೇಕ್. ಮೂರಕ್ಕೂ ವಿಷವಿಲ್ಲವೆಂದು ತಂಗಿ ನಾಲ್ಕು ಸಲ ಹೇಳಿದಳು. ನಾಲ್ಕು ಸಲ ಹೇಳಿದ್ದರಿಂದಲೇ ನನಗೆ ಅನುಮಾನ ಹೆಚ್ಚಿತು.

ಭಯ ಇಳಿದ ಮೇಲೆ ಉಪದೇಶಕ್ಕೆ ತೊಡಗುವುದು ಮೇಷ್ಟರ ಹುಟ್ಟುಗುಣ. ಒಂದು ಸಂಜೆ, “ಮೂರು ಪೆಟ್ಟಿಗೆ, ಮೂರು ದೀಪ, ಇಷ್ಟು ಕರೆಂಟು ಯಾಕೋ? ಎಲ್ಲವನ್ನೂ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ಬಿಟ್ಟರೆ ಒಂದಕ್ಕೊಂದು ಜೊತೆಯಾಗುವುದಿಲ್ಲವೆ?” ಎಂದೆ.

ಹುಡುಗ ನನ್ನನ್ನು ಕರುಣೆಯಿಂದ ನೋಡಿದ. “ಮಾಮ, ಕಿಂಗ್ ಸ್ನೇಕ್ ಬೇರೆ ಹಾವನ್ನ ತಿನ್ನತ್ತೆ. ರ‍್ಯಾಟಲ್ ಸ್ನೇಕನ್ನೂ ಬಿಡಲ್ಲ, ಅದರ ವಿಷ ಇದಕ್ಕೆ ಅಷ್ಟಾಗಿ ತಟ್ಟೋದಿಲ್ಲ. ರಾತ್ರಿ ಮೂರು ಬಿಟ್ಟರೆ ಬೆಳಿಗ್ಗೆ ಒಂದೇ ಇರತ್ತೆ, ದಪ್ಪಗೆ.”

ನಾನು ಸೋಲಲಿಲ್ಲ. ನಮ್ಮಲ್ಲಿಯೂ ಅಂಥ ರಾಜನಿದ್ದಾನೆ ಎಂದೆ. ಕಾಳಿಂಗ ಸರ್ಪದ ಶಾಸ್ತ್ರೀಯ ಹೆಸರಿನ ಅರ್ಥವೇ ‘ಹಾವು ತಿನ್ನುವುದು’ ಎಂದು. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಒಂದು ಜಾತಿಯೆಂದು 2024ರಲ್ಲಿ ವಿಜ್ಞಾನಿಗಳು ತೀರ್ಮಾನಿಸಿ, ನಮ್ಮ ಕನ್ನಡದ ಮಾತನ್ನೇ ತೆಗೆದುಕೊಂಡು ‘ಓಫಿಯೋಫೇಗಸ್ ಕಾಳಿಂಗ’ ಎಂದು ನಾಮಕರಣ ಮಾಡಿದರು. ಇದನ್ನು ಹೇಳುವಾಗ ಎದೆ ಸ್ವಲ್ಪ ಉಬ್ಬಿತೆಂದು ಒಪ್ಪಿಕೊಳ್ಳುತ್ತೇನೆ. “ಹಾಗಾದ್ರೆ ನಿಮ್ಮನೇಲಿ ಒಂದು ಸಾಕಿದೀರಾ?” ಎಂದ ಹುಡುಗ. ನಮ್ಮ ನಾಡಿನ ಹಾವುಗಳನ್ನು ಮನೆಯಲ್ಲಿ ಸಾಕುವುದನ್ನು 1972ರ ವನ್ಯಜೀವಿ ಕಾಯಿದೆ ತಡೆಯುತ್ತದೆಂದು ಹೇಳಿ, ಕಾನೂನಿನ ಹಿಂದೆ ನನ್ನ ಪುಕ್ಕಲುತನವನ್ನು ಅಡಗಿಸಿಕೊಂಡೆ.

“ಸರಿ, ರಾಜನನ್ನು ಬಿಡು. ಉಳಿದ ಎರಡು ಸಾಧುಗಳೇ ಅಲ್ಲವೆ?” ಎಂದು ಮತ್ತೆ ಕೆದಕಿದೆ.

ಅದಕ್ಕೂ ಅವನಲ್ಲಿ ಉತ್ತರವಿತ್ತು. ಹಾವಿನ ಮೈಗೆ ತನ್ನದೇ ಬಿಸಿಯಿಲ್ಲ. ತಿಂದದ್ದು ಅರಗಬೇಕಾದರೂ ಹೊರಗಿನ ಬಿಸಿ ಬೇಕು. ಹೆಬ್ಬಾವಿನ ಪೆಟ್ಟಿಗೆಯ ಬಿಸಿಯ ಮೂಲೆ ಸುಮಾರು 32 ಡಿಗ್ರಿ ಇರಬೇಕು. ಜೋಳದ ಹಾವಿಗೆ ಅದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಸಾಕು. ಅದಕ್ಕೆ ಗಾಳಿಯಲ್ಲಿ ತೇವ ಬೇಕು, ಇದಕ್ಕೆ ಅಷ್ಟು ತೇವ ಬೇಡ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಹಿಂಸೆ. ರೋಗದ ಮಾತು ಬೇರೆ. 2012ರಲ್ಲಿ ಗುರುತಿಸಿದ ಒಂದು ಬಗೆಯ ವೈರಸ್ಸು ಬೋವಾ ಹಾವಿನ ಮೈಯಲ್ಲಿ ಬಹಳ ಕಾಲ ಸದ್ದಿಲ್ಲದೆ ಇರಬಲ್ಲದಂತೆ. ಅದೇ ಪಕ್ಕದ ಹೆಬ್ಬಾವಿಗೆ ಹತ್ತಿದರೆ ಬೇಗನೆ ಪ್ರಾಣಕ್ಕೇ ಬರುತ್ತದೆ.

ಆಮೇಲೆ ಹುಡುಗ ಒಂದು ಪುಸ್ತಕ ತೆರೆದು ಚಿತ್ರ ತೋರಿಸಿದ. ಒಂದೇ ಗೂಡಿನಲ್ಲಿ ಎರಡು ಹಾವುಗಳು ಒಂದರ ಮೇಲೊಂದು ಸುರುಳಿ ಸುತ್ತಿ ಮಲಗಿದ್ದವು. “ನೋಡಿದೆಯಾ, ಎಷ್ಟು ಅನ್ಯೋನ್ಯ!” ಎಂದೆ, ಗೆದ್ದವನಂತೆ.

“ಅದು ಪ್ರೀತಿ ಅಲ್ಲ ಮಾಮ. ಅಲ್ಲಿ ಬೆಚ್ಚಗಿರೋ ಜಾಗ ಒಂದೇ. ಎರಡಕ್ಕೂ ಅದೇ ಬೇಕು. ಬಲ ಇರೋದು ಅಲ್ಲೇ ಕೂರತ್ತೆ, ಇನ್ನೊಂದು ಸಹಿಸ್ಕೊಳ್ಳತ್ತೆ.”

“ಸಹಿಸಿಕೊಳ್ಳುತ್ತಿದೆ ಎಂದು ನಿನಗೆ ಹೇಗೆ ಗೊತ್ತು? ಅದೇನು ಕೂಗುತ್ತದೆಯೆ?”

“ಹಾವು ಕೂಗಲ್ಲ ಮಾಮ. ಊಟ ಬಿಡತ್ತೆ.”

ಆ ರಾತ್ರಿಯೂ ನನಗೆ ನಿದ್ರೆ ಬರಲಿಲ್ಲ. ಕಾರಣ ಗಾಜಿನ ಪೆಟ್ಟಿಗೆಗಳಲ್ಲ. ಚಿಕ್ಕಂದಿನಲ್ಲಿ ಸಾಗರದ ಹತ್ತಿರದ ನಮ್ಮ ಊರಿನ ಗದ್ದೆಯಂಚಿನಲ್ಲಿ ಎರಡು ಹಾವುಗಳು ಹೆಣೆದುಕೊಂಡು ಆಳುದ್ದ ಎದ್ದು ನಿಂತದ್ದನ್ನು ಕಂಡಿದ್ದೆ. ನಾಗರವೂ ಕೇರೆಯೂ ಕೂಡುತ್ತಿವೆ, ಮೇಲೆ ಹೊಸ ಬಟ್ಟೆ ಹಾಕಿದರೆ ಶುಭ ಎಂದು ಅಜ್ಜಿ ಕೈಮುಗಿದಿದ್ದಳು. ನಾಗರಕ್ಕೂ ಕೇರೆಗೂ ಕೂಡಿಕೆಯಿಲ್ಲ. ಜನ ಹಾಗೆ ಕಾಣುವುದು ಬಹುಮಟ್ಟಿಗೆ ಎರಡು ಗಂಡು ಕೇರೆಗಳ ಕುಸ್ತಿಯನ್ನು, ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತುವ ಸೆಣಸಾಟವನ್ನು. ಇದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಅಜ್ಜಿ ಕೈಮುಗಿದದ್ದು ಜಗಳಕ್ಕೆ. ನಾನು ಏನನ್ನು ಕಂಡು ಕೈಮುಗಿಯುತ್ತಿದ್ದೆ?

ಮೈಸೂರಿನ ನಮ್ಮ ಮನೆಯಲ್ಲಿ ಇಬ್ಬರು ಹಿರಿಯರಿದ್ದಾರೆ. ನನ್ನ ಅತ್ತೆ ಬಳ್ಳಾರಿಯವರು, ಐದು ವರ್ಷಗಳಿಂದ ನಮ್ಮೊಡನೆ ಇದ್ದಾರೆ. ತಂದೆ ತೀರಿಕೊಂಡ ಮೇಲೆ, ಎರಡು ವರ್ಷಗಳ ಕೆಳಗೆ, ಊರಿನ ಮನೆಗೆ ಬೀಗ ಹಾಕಿ ಅಮ್ಮನನ್ನೂ ಕರೆತಂದೆ. ಮಲಗುವ ಕೋಣೆಗಳು ಎರಡೇ. ಬೀಗಿತ್ತಿಯರಿಬ್ಬರಿಗೂ ಒಂದು ಕೋಣೆ ಕೊಟ್ಟೆವು. ಮೂರನೆಯ ಚಿಕ್ಕ ಕೋಣೆಯಲ್ಲಿ ನನ್ನ ಪುಸ್ತಕಗಳಿದ್ದವು. “ಎರಡು ವರ್ಷದಲ್ಲಿ ಒಂದು ಮಾತು ಬಂದಿಲ್ಲ, ಒಂದು ಜಗಳವಿಲ್ಲ!” ಎಂದು ಸಹೋದ್ಯೋಗಿಗಳ ಮುಂದೆ ಹೇಳಿಕೊಳ್ಳುತ್ತಿದ್ದೆ. ಅದೇ ಮಾತನ್ನು ಡಲ್ಲಾಸಿನಲ್ಲಿ ತಂಗಿಗೂ ಹೇಳಿದ್ದೆ. “ಅಮ್ಮ ಚೆನ್ನಾಗಿದಾಳಾ ಅಣ್ಣ?” ಎಂದು ಅವಳು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ, “ಜಗಳವಿಲ್ಲ.” ಅವಳು ಕೇಳಿದ್ದು ಅದನ್ನಲ್ಲ.

ಬಳ್ಳಾರಿಯ ಬಿಸಿಲಲ್ಲಿ ಬೆಳೆದ ಅತ್ತೆಗೆ ಫ್ಯಾನು ತಿರುಗದೆ ನಿದ್ರೆ ಬಾರದು. ಮಲೆನಾಡಿನ ಅಮ್ಮನಿಗೆ ಫ್ಯಾನಿನ ಗಾಳಿ ಮೈಗಾಗದು. ಅಮ್ಮ ಏಪ್ರಿಲ್ ತಿಂಗಳಲ್ಲಿಯೂ ಕಂಬಳಿ ಹೊದ್ದು ಮಲಗುತ್ತಿದ್ದುದನ್ನು ನಾನು ಮಲೆನಾಡಿನ ಅಭ್ಯಾಸವೆಂದು ತಮಾಷೆ ಮಾಡಿದ್ದೆ. ಕಿಟಕಿಯ ಪಕ್ಕದ ಮಂಚ ಮೊದಲು ಬಂದ ಅತ್ತೆಯದು; ಅಮ್ಮ ರಾತ್ರಿ ಹನ್ನೊಂದರ ತನಕ ನಡುಮನೆಯ ಕುರ್ಚಿಯಲ್ಲೇ ಕುಳಿತಿರುತ್ತಿದ್ದಳು. ಓದುವ ಗೀಳು ಹೆಚ್ಚಿತೆಂದು ನನಗೆ ಸಂತೋಷವಾಗಿತ್ತು. ಹೋದ ವಾರವಷ್ಟೇ ನನ್ನಾಕೆ ಫೋನಿನಲ್ಲಿ, “ಅತ್ತೆ ರಾತ್ರಿ ಬರೀ ಮಜ್ಜಿಗೆ ಕುಡಿದು ಎದ್ದುಬಿಡ್ತಾರೆ” ಎಂದಿದ್ದಳು. “ವಯಸ್ಸಾಯಿತಲ್ಲ” ಎಂದು ನಾನು ಬೇರೆ ಮಾತು ತೆಗೆದಿದ್ದೆ. ನನ್ನ ಅತ್ತೆಯಾದರೂ ಸುಖವಾಗಿದ್ದರೆಂದು ಹೇಗೆ ಹೇಳಲಿ? ಒಬ್ಬರು ಕಂಬಳಿಯೊಳಗೆ ಮುದುಡುವುದನ್ನು ಕಂಡು ಅವರೂ ಎಷ್ಟೋ ರಾತ್ರಿ ಫ್ಯಾನು ನಿಲ್ಲಿಸಿ ಬೆವರಿದ್ದಾರೆ. ಹೊಂದಿಕೊಂಡು ಹೋಗುವುದು ದೊಡ್ಡ ಗುಣವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಹೊಂದಿಕೊಳ್ಳುತ್ತಿರುವವರು ಯಾರು, ಎಷ್ಟು ಎಂದು ಲೆಕ್ಕವಿಡುವುದಿಲ್ಲ.

ಹಾವುಗಳಲ್ಲಿ ಸ್ನೇಹವೇ ಇಲ್ಲವೆಂದೂ ಅಲ್ಲ. ಕೆನಡಾದ ಮ್ಯಾನಿಟೋಬಾದಲ್ಲಿ ನಾರ್ಸಿಸ್ ಎಂಬಲ್ಲಿ ಚಳಿಗಾಲ ಕಳೆದ ಮೇಲೆ ಹತ್ತಾರು ಸಾವಿರ ಗಾರ್ಟರ್ ಹಾವುಗಳು ನೆಲದಡಿಯಿಂದ ಒಟ್ಟಿಗೆ ಹೊರಬರುತ್ತವೆ. ಗಾರ್ಟರ್ ಹಾವುಗಳು ಕೆಲವು ಒಡನಾಡಿಗಳನ್ನೇ ಆರಿಸಿಕೊಂಡು ಜೊತೆ ಕೂರುತ್ತವೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಆದರೆ ಅವೆಲ್ಲ ಒಂದೇ ಜಾತಿಯವು, ಜೊತೆಯನ್ನು ತಾವಾಗಿ ಆರಿಸಿಕೊಂಡವು. ನಾರ್ಸಿಸ್ಸಿನವಂತೂ ಗಾಜಿನ ಮುಚ್ಚಳ ಹಾಕಿ ಕೂರಿಸಿದವಲ್ಲ.

ಊರಿಗೆ ಬಂದ ಮರುವಾರ ನನ್ನ ಪುಸ್ತಕಗಳು ನಡುಮನೆಗೂ ಮಂಚದಡಿಗೂ ವಲಸೆ ಹೋದವು. ಚಿಕ್ಕ ಕೋಣೆ ಅಮ್ಮನದಾಯಿತು. “ನಂಗೇನಪ್ಪ ಕಷ್ಟ ಆಗಿತ್ತು? ಸುಮ್ನೆ ಯಾಕೆ ಇದೆಲ್ಲ?” ಎಂದಳು. ಮೂರನೆಯ ರಾತ್ರಿ ಸಾರನ್ನ ಮುಗಿಸಿ, “ಇನ್ನೊಂಚೂರು ಅನ್ನ ಹಾಕೇ” ಎಂದು ನನ್ನಾಕೆಯ ಮುಂದೆ ತಟ್ಟೆ ಹಿಡಿದಳು. ನಾನು ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ಈಗ ಮಧ್ಯಾಹ್ನ ಮೂರು ಗಂಟೆಗೆ ಅತ್ತೆ ಆ ಕೋಣೆಯ ಬಾಗಿಲಲ್ಲಿ ನಿಂತು, “ಬರ‍್ಲೇನ್ರೀ ಬೀಗ್ತೇರೆ?” ಎನ್ನುತ್ತಾರೆ, ಬೇಸರವಾದಾಗ ಎದ್ದು ಬರುತ್ತಾರೆ. ಕಳೆದ ಭಾನುವಾರ ಮಜ್ಜಿಗೆಹುಳಿಗೆ ಇಂಗು ಹಾಕಬೇಕೇ ಬೇಡವೇ ಎಂಬುದರ ಮೇಲೆ ಇಬ್ಬರಿಗೂ ದೊಡ್ಡ ಮಾತಾಯಿತು. ಪಕ್ಕದ ಮನೆಯವರಿಗೂ ಕೇಳಿಸುವಷ್ಟು. ನನ್ನಾಕೆ ಗಾಬರಿಯಿಂದ ಓಡಿ ಬಂದು ನನ್ನನ್ನು ಕರೆದಳು. ನಾನು ಎದ್ದು ಹೋಗಲಿಲ್ಲ. ನಮ್ಮ ಮನೆಯಲ್ಲಿ ಮೊದಲ ಜಗಳ ಅದು. ಕೊನೆಯವರೆಗೂ ಕೂತು ಕೇಳಿದೆ.