ಹನ್ನೊಂದರ ರಾತ್ರಿಗೆ ಏನು ಮಾಡುದು?

ಸಂತೆಮರಹಳ್ಳಿಯಲ್ಲಿ ಬಸ್ ಇಳಿದು, ಕೊಳ್ಳೇಗಾಲದ ರಸ್ತೆ ಬಿಟ್ಟು ಒಳಬೀದಿಗೆ ತಿರುಗಿ. ಜಗಲಿಯ ತುದಿಯಲ್ಲಿ ನಿಮಗೂ ಜಾಗವಿದೆ, ಕೂತುಕೊಳ್ಳಿ. ಬೆಳಿಗ್ಗೆ ಹಾಲು-ತುಪ್ಪ ಬಿಟ್ಟು ಬಂದಿದ್ದಾರೆ. ಮೂಲೆಗಿಟ್ಟ ಗುದ್ದಲಿಯ ಮಣ್ಣು ಇನ್ನೂ ಒಣಗಿಲ್ಲ. ತೀರಿಕೊಂಡ ಯಜಮಾನನ ಫೋಟೊ ಕುರ್ಚಿಯ ಮೇಲಿದೆ. ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಎಡಹೆಗಲ ಮೇಲೆ ಇನ್ಯಾರದೋ ನಾಲ್ಕು ಬೆರಳು ಉಳಿದುಕೊಂಡಿವೆ.

ಹನ್ನೊಂದನೇ ದಿನದ ತಿಥಿಯ ಊಟದ ಮಾತು ಬೇಗ ಮುಗಿಯಿತು. ಮರಿ ಎಷ್ಟು, ಅಕ್ಕಿ ಎಷ್ಟು, ಅಷ್ಟೇ. ತಕರಾರು ಬಂದದ್ದು ಊಟದ ಆಚೆಗಿನದಕ್ಕೆ.

"ಅಂಬೇಡ್ಕರ್ ಭವನದಲ್ಲಿ ನುಡಿನಮನ ಮಾಡುಮ," ಎನ್ನುತ್ತಾನೆ ಮೇಷ್ಟ್ರಾಗಿರುವ ಹಿರಿಮಗ. ತ್ರಿಶರಣ, ಪಂಚಶೀಲ ಹೇಳಿ, ಅಪ್ಪನನ್ನು ಬಲ್ಲವರು ನಾಲ್ಕು ಮಾತಾಡಿದರೆ ಸಾಕು. 1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಬುದ್ಧನ ದಾರಿ ಹಿಡಿದರಲ್ಲ, ಆ ದಾರಿ ಈ ಸೀಮೆಯ ಓದಿದ ಮನೆಗಳೊಳಗೆ ಮದುವೆ, ಸಾವು ಬಂದಾಗಲೆಲ್ಲ ಚರ್ಚೆಗೆ ಬರುತ್ತದೆ.

ಕಿರಿಮಗನಿಗೆ ಶಾಮಿಯಾನ, ಫ್ಲೆಕ್ಸು, ಮುಖಂಡರು ಬೇಕು. ದೊಡ್ಡಪ್ಪ ಎಲೆಯಡಿಕೆ ಉಗಿದು ಬಂದು ಕೇಳುತ್ತಾನೆ: "ಧ್ರುವನಾರಾಯಣ್ ಸಾಹೇಬ್ರು ತೀರ್ಕಂಡಾಗ ಹೆಗ್ಗವಾಡಿಲಿ ಜನ ನೋಡುದ್ಯಲ್ಲ, ಅವ್ರೆಲ್ಲ ಫ್ಲೆಕ್ಸು ನೋಡ್ಕಂಡು ಬಂದಿದ್ರಾ?"

ಅದು 2023ರ ಮಾರ್ಚ್ ಮಾತು. 2004ರಲ್ಲಿ, ಆಗಿದ್ದ ಸಂತೆಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ 40,751ಕ್ಕೆ ಎದುರಾಗಿ 40,752 ಮತ ಪಡೆದು, ಒಂದೇ ಓಟಿನಲ್ಲಿ ಗೆದ್ದವರು ಧ್ರುವನಾರಾಯಣ್. ಒಂದು ಓಟಿನ ಬೆಲೆ ಕಂಡ ಊರು, ಸಾವಿನ ಮನೆಗೆ ಯಾರು ಬಂದರು, ಯಾರು ಬರಲಿಲ್ಲ ಅನ್ನುವ ಲೆಕ್ಕವನ್ನು ಬಿಟ್ಟೀತೆ?

ಇಷ್ಟು ಹೊತ್ತೂ ಬಾಗಿಲ ಮರೆಯಲ್ಲಿದ್ದ ಅವ್ವ ಬಾಯಿಬಿಡುತ್ತಾಳೆ. "ಕತ ಮಾಡ್ಸಿ. ನಿಮ್ಮಪ್ಪ ಸಿದ್ದಪ್ಪಾಜಿ ಒಕ್ಲು. ಬನದ ಹುಣ್ಣುಮ ಬಂದ್ರ ಚಿಕ್ಕಲ್ಲೂರ್ಗ ಹೋಗ್ದೆ ಇದ್ದಂವಲ್ಲ. ಮಾತಾಡೋರ್ನ ಕರ್ದ್ರ ಅವ್ರು ಅವ್ರ ಬಗ್ಗನೇ ಮಾತಾಡ್ಕತ್ತರ."

ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. ಬೆಳಿಗ್ಗೆ ಮನೆ ಮುಂದೆಯೇ ಪಂಚಶೀಲ, ರಾತ್ರಿ ಸಿದ್ಧಪ್ಪಾಜಿಯನ್ನು ಹಾಡುವ ನೀಲಗಾರರ ಕತೆ, ಎರಡಕ್ಕೂ ಬಾಬಾಸಾಹೇಬರ ಪಟ ಇರಬೇಕು ಎಂದು ತೀರ್ಮಾನವಾಯಿತು. ನನ್ನನ್ನು ಕೇಳಿದರೆ ನಾನು ಅವ್ವನ ಕಡೆ. ಭಾಷಣದಲ್ಲಿ ಸತ್ತವನು ಅರ್ಧ ಗಂಟೆಗೆ ಒಳ್ಳೆಯವನಾಗಿ ಮುಗಿದುಹೋಗುತ್ತಾನೆ. ಕತೆಯಾದರೆ ಮುನಿಸಿಕೊಂಡ ನೆಂಟರೂ ಬೆಳಗಿನ ತನಕ ಒಂದೇ ಚಾಪೆಯಲ್ಲಿ ಕೂರಬೇಕು.

ಹನ್ನೊಂದರ ರಾತ್ರಿ ನೀಲಗಾರರು ಬರುತ್ತಾರೆ. ಮುಂದಾಳಿನ ಒಂದು ಕೈಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಹಿಮ್ಮೇಳಕ್ಕೆ ಡಕ್ಕೆ, ತಾಳ. ತಂತಿಗೆ ಕಿವಿಯಿಟ್ಟು ಬಿರಡೆ ತಿರುಗಿಸುತ್ತಾನೆ, ಮೀಟುತ್ತಾನೆ, ಮತ್ತೆ ತಿರುಗಿಸುತ್ತಾನೆ. ಮಕ್ಕಳಿಗೆ ಅಷ್ಟರಲ್ಲೇ ತೂಕಡಿಕೆ. ನಿಡಘಟ್ಟದ ಕೆಂಪಾಚಾರಿಯನ್ನು ಗುರು ಮಂಟೇಸ್ವಾಮಿ ತನ್ನ ಶಿಶುಮಗನಾಗಿ ಪಡೆದು ಸಿದ್ಧಪ್ಪಾಜಿ ಮಾಡಿದ್ದು, ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಕಳಿಸಿದ್ದು ಎಲ್ಲರಿಗೂ ಗೊತ್ತು. ಆದರೂ ಹೆತ್ತವಳು ಮಗನನ್ನು ಬಿಟ್ಟುಕೊಡುವ ಜಾಗಕ್ಕೆ ಹಾಡು ಬಂದಾಗ ಹೆಂಗಸರ ಕಡೆಯಿಂದ ಅಳು ಕೇಳುತ್ತದೆ. ಹಾಲು-ತುಪ್ಪದ ದಿನ ಅಳದ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾನೆ.

ಎರಡು ಗಂಟೆಯ ಹೊತ್ತಿಗೆ ಪಾಂಚಾಳರು ಸಿದ್ಧಪ್ಪಾಜಿಗೆ ವಿಷವಿಕ್ಕುವ ಸನ್ನಾಹದಲ್ಲಿದ್ದಾರೆ. ಮುಂದಾಳು ಅಲ್ಲಿಗೇ ನಿಲ್ಲಿಸಿ, ಕಿರಿಮಗನ ಕಡೆ ನೋಡುತ್ತಾನೆ.

"ಕಬ್ಬುಣ ಸಿಕ್ಕಕ ಇನ್ನೂ ಬಾಳ ಹೊತ್ತದ ಕಣಪ್ಪ. ಎದ್ದು ಟೀ ಕಾಯ್ಸು ಹೋಗು."